ದಸ್ತಗೀರನ ತವರುಮನೆ

ನನ್ನ ಮದುವೆಯ ಮೊಳಕಾಲ್ಮೂರು ಸೀರೆ ನನಗಿಂತ ದಸ್ತಗೀರನಿಗೇ ಚೆನ್ನಾಗಿ ಒಪ್ಪುತ್ತಿತ್ತು. ಇದನ್ನು ಹೇಳಲು ಈಗ ನಾಚಿಕೆಯಿಲ್ಲ. ಆಗ ಹೊಟ್ಟೆ ಉರಿಯುತ್ತಿತ್ತು.

ಅವನು ನಿಜಾಮರ ಸೀಮೆಯ ಔರಂಗಾಬಾದಿನವನು. ಪ್ಲೇಗಿನಲ್ಲಿ ಮನೆಮಂದಿಯೆಲ್ಲ ಹೋದ ಮೇಲೆ ಒಂದು ಉರ್ದು ನಾಟಕ ಕಂಪನಿ ಸೇರಿ ಇತ್ತ ಬಂದ. ಆ ಕಂಪನಿ ಶಿರಾದಲ್ಲಿ ಮುರಿದುಬಿತ್ತು. ನಮ್ಮ ಯಜಮಾನರು ಅಡವಯ್ಯನವರು ದೊಡ್ಡೇರಿಯಲ್ಲಿ ನಾಟಕ ಕಲಿಸುತ್ತಿದ್ದರು. ಶಿರಾ ಸಂತೆಗೆ ಹೋದವರು ನಾನು ಹೇಳಿದ ಮೆಣಸಿನಕಾಯಿ ಮರೆತು, ಹದಿನೇಳು ವರ್ಷದ ಇವನನ್ನು ಕರೆತಂದರು.

ನಮ್ಮೂರ ಗಂಡಸರಿಗೆ ಹೆಣ್ಣು ಪಾರ್ಟು ಹಾಕಿದರೆ ಸೊಂಟ ಕುಣಿಸುವುದಷ್ಟೇ ಗೊತ್ತು. ಇವನು ಬಾವಿಕಟ್ಟೆಯಲ್ಲಿ ಕೂತು ನಾವು ಕೊಡ ಹೊರುವುದನ್ನು, ಸೆರಗು ಸಿಕ್ಕಿಸುವುದನ್ನು ನೋಡಿ ಕಲಿತ. ಪಕ್ಕದ ಮನೆ ಕದರಮ್ಮ ಒಮ್ಮೆ ಗದರಿದಳು. "ಏನ್ಲಾ ಅಂಗ್ ನೋಡ್ತೀಯ?" ಅವನು ಎದ್ದು ಅವಳ ನಡಿಗೆಯನ್ನೇ ನಡೆದು ತೋರಿಸಿದ. ಅವಳು ಕೊಡ ಇಳಿಸಿ ನಕ್ಕಳು.

ಮೊದಲ ವರ್ಷದ ನಾಟಕದಲ್ಲಿ ಅವನು ನನ್ನ ಮೊಳಕಾಲ್ಮೂರು ಸೀರೆ ಉಟ್ಟ ರಾಜಕುಮಾರಿ. ಕೊನೆಗೆ ಅವಳನ್ನು ಗಂಡನ ಮನೆಗೆ ಕಳಿಸಬೇಕು. ತಾಯಿ ಪಾರ್ಟಿನ ಸಿದ್ದಗಂಗಯ್ಯ ಬರೀ ತಟ್ಟೆ ಹಿಡಿದು ನಿಂತಿದ್ದ. ನನಗೆ ತಡೆಯಲಾಗಲಿಲ್ಲ. "ಹೆಣ್ಮಗಳನ್ನ ಬರೀ ಮಡಿಲಲ್ಲಿ ಕಳಿಸ್ತಾರೇನ್ರಯ್ಯ?" ಎಂದು ಮನೆಗೆ ಓಡಿ, ಅಕ್ಕಿ, ಬೆಲ್ಲ, ಕೊಬ್ಬರಿ ತಂದು, ರಂಗದ ಮೇಲೇ ಹತ್ತಿ ಮಡಿಲು ತುಂಬಿದೆ. ಇದು ನಾಟಕದಲ್ಲಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸೆರಗೊಡ್ಡಿಕೊಂಡು ಅತ್ತುಬಿಟ್ಟ. ಸಾಬರ ಹುಡುಗನಿಗೆ ಮಡಿಲು ತುಂಬಿದೆಯಾ ಎಂದು ಯಾರೋ ಕೇಳಿದರು. ನಾನು ತುಂಬಿದ್ದು ರಾಜನ ಮಗಳಿಗೆ ಎಂದೆ.

ಬೆಳಿಗ್ಗೆ ಅಕ್ಕಿ ವಾಪಸು ಕೊಡಲು ಬಂದ. "ಮಡಿಲಕ್ಕಿ ವಾಪಸ್ ತರಬಾರ್ದು ಕಣ್ಲಾ. ಇನ್ಮೇಲೆ ಇದು ನಿನ್ ತವರು ಅಂದ್ಕೊ" ಎಂದೆ. ಬಾಯಿಗೆ ಬಂದದ್ದು ಅಂದೆ ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಅದನ್ನೇ ನಂಬಿದ. ನಾಟಕಕ್ಕೆಂದು ಊರೂರು ಸುತ್ತಿದರೂ ವರ್ಷಾವರ್ಷ ಗೌರಿ ಹಬ್ಬಕ್ಕೆ ಬಂದು ಜಗಲಿಯಲ್ಲಿ ಕೂತು ಒಬ್ಬಟ್ಟು ತಿನ್ನುತ್ತಿದ್ದ. ಮಧುಗಿರಿ, ಕೊರಟಗೆರೆಯಲ್ಲೆಲ್ಲ ಹೆಸರಾಯಿತು. ಪಾವಗಡದಲ್ಲಿ "ಎವರಮ್ಮಾಯಿರಾ?" ಎಂದು, ಯಾರ ಮನೆ ಹುಡುಗಿಯೋ ಎಂದು ತೆಲುಗಿನಲ್ಲಿ ಕೇಳಿದವರಿಗೆ ನಮ್ಮ ಯಜಮಾನರು "ದೊಡ್ಡೇರಿ ಹುಡುಗಿ" ಎನ್ನುತ್ತಿದ್ದರು.

ಹನ್ನೊಂದನೇ ವರ್ಷದ ಹಬ್ಬಕ್ಕೆ ಬಂದವನು ಒಬ್ಬಟ್ಟು ಮುಟ್ಟಲಿಲ್ಲ. ಗದರಿಸಿ ಕೇಳಿದಾಗ ಬಾಯಿಬಿಟ್ಟ. ಶಿರಾದಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಇಮಾಮ್ ಸಾಬರ ಮಗಳು ಖೈರುನ್‌ಬಿಯ ಮೇಲೆ ಮನಸ್ಸಾಗಿದೆ, ಹುಡುಗಿಗೂ ಒಪ್ಪಿಗೆ. ಅಪ್ಪ ಮಾತ್ರ ಒಲ್ಲೆ ಎಂದಿದ್ದಾರೆ.

"ನೀನು ಸೀರೆ ಉಡ್ತೀಯ ಅಂತಾನಾ?" ಎಂದೆ.

"ಅದಕ್ಕಲ್ಲಮ್ಮ. ಹೊಟ್ಟೆಪಾಡು, ಅದ್ರಲ್ಲೇನು ಅಂದ್ರು. ನಿಂಗೆ ಹಿಂದೆಮುಂದೆ ಯಾರೂ ಇಲ್ಲ, ನಾಳೆ ನನ್ ಮಗಳನ್ನ ಬಿಟ್ಟು ಓಡೋದ್ರೆ ಯಾರ್ನ ಕೇಳ್ಲಿ ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಇಮಾಮ್ ಸಾಬರ ಮೇಲಲ್ಲ, ಹೆಣ್ಣು ಹೆತ್ತವರು ಕೇಳುವ ಮಾತೇ ಅದು. ಹತ್ತು ವರ್ಷ ಒಬ್ಬಟ್ಟು ತಿಂದೂ ಯಾರೂ ಇಲ್ಲವೆನ್ನಿಸಿಕೊಂಡು ಸುಮ್ಮನೆ ಬಂದನಲ್ಲ, ಅದಕ್ಕೆ.

ಯಜಮಾನರು ತಾವು ಹೋಗಿ ಮಾತಾಡುತ್ತೇನೆಂದರು. ನೀವು ಅವನಿಗೆ ಪಾಠ ಹೇಳಿದವರು, ನಿಮ್ಮ ಮಾತಿಗೆ ಏನು ತೂಕ, ತವರಿನವರು ನಾವು ಎಂದೆ. ಮಾರನೆಯ ದಿನ ಮುಂಜಾನೆಯೇ ನಾನು, ಕದರಮ್ಮ, ಇನ್ನೈದು ಜನ ಹೆಂಗಸರು ತಟ್ಟೆ ಜೋಡಿಸಿಕೊಂಡು ಗಾಡಿ ಹತ್ತಿದೆವು. ಶಿರಾ ಕೆರೆ ಕಾಣುವ ಹೊತ್ತಿಗೆ ಕದರಮ್ಮ ತಟ್ಟೆಗಳ ಬಟ್ಟೆ ಸರಿಸಿ ನೋಡಿ ಎದೆ ಬಡಿದುಕೊಂಡಳು.

"ಕಮಲಾಕ್ಷಮ್ಮ, ಕೆಟ್ವಲ್ಲೇ! ನಾವು ಗಂಡಿನ ಕಡೆಯೋರು ಕಣೇ."

ನೋಡಿದರೆ ಅಕ್ಕಿ, ಬೆಲ್ಲ, ಕೊಬ್ಬರಿ. ಮಗಳನ್ನು ಕಳಿಸಿಕೊಡಲು ಬೇಕಾದದ್ದೆಲ್ಲ ಇತ್ತು. ಹೆಣ್ಣು ಕೇಳಲು ಬೇಕಾದ ಸೀರೆಯೊಂದೇ ಇರಲಿಲ್ಲ. ಏಳು ಜನರಲ್ಲಿ ಒಬ್ಬಳಿಗೂ ನೆನಪಾಗಿರಲಿಲ್ಲ.

ಇಮಾಮ್ ಸಾಬರು ಹತ್ತಿ ಮೆತ್ತಿದ ಗಡ್ಡದಲ್ಲೇ ಎದ್ದು ಬಂದು ಜಮಖಾನ ಹಾಸಿದರು. ನಾನು ಕೂರಲಿಲ್ಲ. ನೇರ ಒಳಗೆ ಹೋಗಿ ಖೈರುನ್‌ಬಿಯ ತಾಯಿಯ ಹತ್ತಿರ ಒಂದು ಹಳೇ ಸೀರೆ ಕೇಳಿ ಉಟ್ಟು, ಮೈಮೇಲಿದ್ದ ಮೊಳಕಾಲ್ಮೂರು ಸೀರೆಯನ್ನು ಮಡಿಸಿ, ತಟ್ಟೆಯಲ್ಲಿಟ್ಟು ತಂದೆ. ಇಮಾಮ್ ಸಾಬರು ನನ್ನನ್ನೂ ಸೀರೆಯನ್ನೂ ನೋಡಿದರು.

"ಅವ್ನಿಗೆ ನೀವೇನಾಗ್ಬೇಕಮ್ಮ?"

ತಾಯಿ ಸಮಾನ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಬಾಯಿಂದ ಬಂದದ್ದೇ ಬೇರೆ. "ನಮ್ಮನೆ ಹುಡ್ಗಿ ಸಾಬ್ರೆ. ಎಲ್ಲಿಗ್ ಹೋದ್ರೂ ಗೌರಿ ಹಬ್ಬಕ್ಕೆ ಬಂದೇ ಬತ್ತಾಳೆ. ನಿಮ್ ಮಗಳನ್ನ ಬಿಟ್ಟು ಓಡೋದ್ರೆ, ಅವತ್ತು ಬಂದು ಜಗಲಿ ಮೇಲೇ ಹಿಡ್ಕೊಳ್ಳಿ."

ಕದರಮ್ಮ ನನ್ನ ಪಕ್ಕೆಗೆ ತಿವಿದಳು. ಇಮಾಮ್ ಸಾಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ನಿಕಾಹ್ ಆದ ಮೂರನೇ ದಿನ ಇಬ್ಬರೂ ದೊಡ್ಡೇರಿಗೆ ಬಂದರು. ಆ ಸೀರೆ ಈಗ ಖೈರುನ್‌ಬಿಯ ಮೈಮೇಲೆ. ಅವಳಿಗೂ ನನಗಿಂತ ಚೆನ್ನಾಗಿಯೇ ಒಪ್ಪುತ್ತಿತ್ತು, ಏನು ಮಾಡುವುದು. ಹೊರಡುವಾಗ ಹೊಸಿಲಲ್ಲಿ ನಿಲ್ಲಿಸಿ ಮೊರದಲ್ಲಿ ಅಕ್ಕಿ ತಂದೆ. ಅವಳು ಸೆರಗೊಡ್ಡಿದಳು. ಪಕ್ಕದಲ್ಲಿದ್ದ ದಸ್ತಗೀರನೂ ಹೆಗಲ ಮೇಲಿನ ಶಲ್ಯ ಬಿಡಿಸಿ, ತಲೆ ತಗ್ಗಿಸಿ ಒಡ್ಡಿದ. ತಾನೇನು ಮಾಡಿದೆನೆಂಬುದು ಅವನಿಗೇ ತಿಳಿದಿರಲಿಲ್ಲ.

ಯಾರೂ ನಗಲಿಲ್ಲ. ನಾನು ಮೊದಲು ಮನೆಮಗಳ ಮಡಿಲು ತುಂಬಿ, ಆಮೇಲೆ ಸೊಸೆಯದು ತುಂಬಿದೆ.