ಒಗೆಯುವ ಕಲ್ಲಿನ ಇನ್ನೊಂದು ಮಗ್ಗುಲು

ರಾಜಾನುಕುಂಟೆಯ ಆವಲಪ್ಪನ ಹಿತ್ತಿಲಲ್ಲಿ ಒಂದು ಒಗೆಯುವ ಕಲ್ಲಿತ್ತು. ಅದಕ್ಕೆ ಆ ಮನೆಯ ಮೂರು ತಲೆಮಾರಿನ ಕೊಳೆ ಗೊತ್ತು. ಹೆಂಡತಿ ಸೊಣ್ಣಮ್ಮ ಮದುವೆಯಾಗಿ ಬಂದ ಮಾರನೇ ದಿನದಿಂದ ಅದರ ಮೇಲೆ ಬಟ್ಟೆ ಕುಕ್ಕಿದವಳು. ಮುಟ್ಟಿನ ಬಟ್ಟೆ, ಬಾಣಂತಿ ಬಟ್ಟೆ, ಒಂದನ್ನೂ ಬಿಟ್ಟವಳಲ್ಲ. ವಾಷಿಂಗ್ ಮೆಷಿನ್ ಬಂದ ಮೇಲೂ ಕಂಬಳಿಗೆ ಆ ಕಲ್ಲೇ ಆಗಬೇಕಿತ್ತು. ಆದರೆ ಆವಲಪ್ಪನಿಗೆ ಬಾಡಿಗೆ ಮನೆ ಎಬ್ಬಿಸುವ ಹುಚ್ಚು. ಅಂಗೈಯಗಲ ಜಾಗ ಖಾಲಿ ಕಂಡರೂ ಕೈ ತುರಿಸುತ್ತದೆ. ಹಿತ್ತಿಲಿಗೂ ಜೆಸಿಬಿ ಕರೆಸಿದ.

ಜೆಸಿಬಿ ನಜೀರ್ ಕಲ್ಲಿಗೆ ಸರಪಳಿ ಬಿಗಿದು ಎತ್ತಿದ. ಹೆರಿಗೆಗೆಂದು ವಿದ್ಯಾರಣ್ಯಪುರದಿಂದ ತವರಿಗೆ ಬಂದಿದ್ದ ಮಗಳು ರಾಣಿ ಅದಕ್ಕೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ತುಂಬಿದ ಬಸುರಿ. ಸೊಣ್ಣಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು. ಕಲ್ಲು ನಿಧಾನವಾಗಿ ಮಗುಚಿತು. ಮಣ್ಣು ಕಳಚಿ ಬಿದ್ದ ಕಡೆ ಮೊದಲು ಕಂಡದ್ದು ಮೇಲೆತ್ತಿದ ಒಂದು ಕಾಲು, ಆಮೇಲೆ ತಲೆಬುರುಡೆಗಳ ಸರ.

ಹೊಸ ವಿಗ್ರಹಕ್ಕೆ ಕಣ್ಣು ತೆರೆಸುವಾಗ ಎದುರಿಗೆ ಕನ್ನಡಿ ಹಿಡಿಯುವುದನ್ನು ಸೊಣ್ಣಮ್ಮ ಕಂಡಿದ್ದಳು. ಉಗ್ರ ದೇವರ ಮೊದಲ ನೋಟ ಮನುಷ್ಯರ ಮೇಲೆ, ಅದರಲ್ಲೂ ಬಸುರಿಯ ಮೇಲೆ ಬೀಳಬಾರದು. ಎಷ್ಟು ಕಾಲದಿಂದ ಮಣ್ಣಲ್ಲಿ ಮುಖ ಹೂತುಕೊಂಡಿದ್ದನೋ, ಈಗ ಕಣ್ಣು ಬಿಡುತ್ತಾನೆ. ಇಲ್ಲಿ ಕನ್ನಡಿಯೂ ಇಲ್ಲ, ಏನೂ ಇಲ್ಲ.

"ರಾಣಿ, ಬೆನ್ನಿಂದೆ ದೇವ್ರು ಕಣೇ, ತಿರುಗಿ ನೋಡ್ಬ್ಯಾಡ" ಎಂದು ಕೂಗಿದಳು.

ನೋಡಬೇಡ ಎಂದರೆ ನೋಡದವರು ಯಾರಿದ್ದಾರೆ? ರಾಣಿ ಹೊಟ್ಟೆ ಸಮೇತ ತಿರುಗಿದಳು. ಕಲ್ಲೂ ಪೂರ್ತಿ ತಿರುಗಿತು. ಉಬ್ಬಿದ ಕಣ್ಣು, ಕೋರೆಹಲ್ಲು, ಎಂಟು ಕೈ, ಕುಣಿಯುತ್ತಿರುವ ಭೈರವ. ಇಬ್ಬರೂ ಮುಖಾಮುಖಿ. ತಾನು ಕೂಗದೆ ಸುಮ್ಮನಿದ್ದಿದ್ದರೆ ಮಗಳ ಬೆನ್ನಷ್ಟೇ ಅವನಿಗೆ ಕಾಣುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನೋಡಲು ಬಂದವರು ಇದು ಚೋಳರ ಕಾಲದ್ದೋ ಹೊಯ್ಸಳರ ಕಾಲದ್ದೋ ಎಂದು ಜಗಳವಾಡಿ, ಕಾಫಿ ಕುಡಿದು ಹೋದರು. ಮಧ್ಯಾಹ್ನ ಊಟಕ್ಕೆ ಕೂತ ರಾಣಿ, ಬೆಳಿಗ್ಗೆಯಿಂದ ಮಗು ಒದ್ದೇ ಇಲ್ಲ ಎಂದಳು. ಆಸ್ಪತ್ರೆಯಲ್ಲಿ ಎದೆಬಡಿತ ನೋಡಿ, ಚೆನ್ನಾಗಿದೆ, ಮಲಗಿರುತ್ತೆ ಎಂದು ಕಳಿಸಿದರು. ಆವಲಪ್ಪ ಅಷ್ಟಕ್ಕೇ ನಿರಾಳ. ಸೊಣ್ಣಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಕಲ್ಲಿನ ಕಣ್ಣು ಒಳಗೆ ಇಳಿದು ಕೂಸನ್ನು ಹಿಡಿದುಕೊಂಡಿದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ಸಂಜೆ ಅರಿಶಿನದ ನೀರು ಒಯ್ದು, ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಕಲ್ಲಿನ ಮುಂದೆ ಕುಕ್ಕರಿಸಿದಳು. ಬಟ್ಟೆ ಕುಕ್ಕಿದ ಅದೇ ಕೈಯಲ್ಲಿ ಅವನ ಪಾದ ತೊಳೆದಳು. ಮುಖ ನೋಡುವ ಧೈರ್ಯ ಬರಲಿಲ್ಲ.

"ನಿನ್ ಬೆನ್ ಮ್ಯಾಲೆ ಕುಕ್ಕಿದ್ದು ನಾನು, ಅವಳೇನ್ ಮಾಡವ್ಳೆ? ಕೂಸು ಅಲ್ಲಾಡ್ಲಿ ಸಾಕು. ಮಿಕ್ಕಿದ್ದೆಲ್ಲ ನನ್ ಮ್ಯಾಲಾಕು."

ಹಿಂದೆ ಹೆಜ್ಜೆ ಸದ್ದಾಯಿತು. ರಾಣಿ ನಗುತ್ತಾ ಬಂದು ಅಮ್ಮನ ಒದ್ದೆ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ಸುಮ್ಸುಮ್ನೆ ಹೆದರ್ಕೊಂಡೆ ನೋಡು. ಈಗ ನಿಲ್ಲಿಸ್ತಾನೇ ಇಲ್ಲ ಕಣಮ್ಮಾ, ಕುಣೀತಾ ಇದೆ."

ಅಂಗೈ ಕೆಳಗೆ ಪುಟ್ಟ ಹಿಮ್ಮಡಿಯೊಂದು ಒದೆಯಿತು, ಮತ್ತೆ ಒದೆಯಿತು. ಬೇಡಿಕೊಂಡದ್ದು ಅದನ್ನೇ. ಆದರೆ ಸೊಣ್ಣಮ್ಮನ ಕಣ್ಣು ಎದುರಿಗಿದ್ದ ಕಲ್ಲಿನಲ್ಲಿ ಕುಣಿಯಲೆಂದು ಎತ್ತಿದ ಆ ಕಾಲಿನ ಮೇಲಿತ್ತು. ಮಗಳ ಹೊಟ್ಟೆಯ ಮೇಲೆ ಅವಳ ಕೈ ತಣ್ಣಗಾಗುತ್ತಾ ಬಂತು. ತೆಗೆಯಲೂ ಹೆದರಿ, ಹಾಗೇ ಇಟ್ಟುಕೊಂಡಿದ್ದಳು.