ಮೊಣಕಾಲಿನಡಿಯ ದಿಂಬು

“ಒತ್ತಬೇಡಿ,” ಎಂದಳು ಹಫ್ಸ. “ಕೈ ತೆಗೀರಿ.”

ಜುಲೈಕಾ ಕೈ ತೆಗೆಯಲಿಲ್ಲ. ಬೆಳುವಾಯಿಯಲ್ಲಿ ತೀರಿಕೊಂಡ ಹೆಂಗಸರ ಮಯ್ಯಿತ್ ಮೀಯಿಸುವುದು ಅವಳೇ. ಅವಳ ಕೆಲಸದ ನಡುವೆ ಬಾಯಿ ಹಾಕಿದವರು ಈವರೆಗೆ ಯಾರೂ ಇಲ್ಲ. ಹಿತ್ತಿಲಿನಲ್ಲಿ ಟಾರ್ಪಾಲು ಕಟ್ಟಿ ಮಾಡಿದ ಮರೆಯೊಳಗೆ, ಹಲಗೆಯ ಮೇಲೆ, ಬಿಳಿ ಬಟ್ಟೆಯಡಿಯಲ್ಲಿ ಹವ್ವಮ್ಮ ಮಲಗಿದ್ದರು. ಎರಡೂ ಮೊಣಕಾಲು ಮಡಚಿಕೊಂಡು ಮೇಲೆದ್ದಿದ್ದವು. ಬೆಳಿಗ್ಗೆ ಮಾಣಿಯ ಮಗಳ ಮನೆಯಿಂದ ಆಂಬುಲೆನ್ಸಿನಲ್ಲಿ ಬಂದದ್ದೂ ಹಾಗೆಯೇ.

“ಒತ್ತದೆ ಮತ್ತೆ? ಹೀಗೇ ಕಫನ್ ಬಟ್ಟೆ ಸುತ್ತುವುದಾ?” ಎಂದ ಜುಲೈಕಾ, ಹವ್ವಮ್ಮನ ಮಗಳು ರುಕಿಯಾಳ ಕಡೆ ತಿರುಗಿದಳು. “ಉಸಿರು ಹೋದ ಕೂಡಲೆ ಕೈಕಾಲು ಮಡಚಿ, ಬಿಡಿಸಿ, ನೇರ ಮಾಡ್ಬೇಕು. ಅಷ್ಟೂ ಗೊತ್ತಿಲ್ವಾ ನಿನಗೆ?”

“ಉಮ್ಮನಿಗೆ ನೋವಾಗ್ತದಂತ ಮುಟ್ಲಿಲ್ಲ,” ಎಂದು ರುಕಿಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸತ್ತ ಮೇಲೂ ನೋವಾಗುತ್ತದಂತೆ! ಹಫ್ಸಳಿಗೆ ಮೈಯೆಲ್ಲ ಉರಿಯಿತು. ಸೊಸೆಯಾಗಿ ಈ ಮನೆಗೆ ಬಂದ ಲಾಗಾಯ್ತು ಗಂಡನ ಅಕ್ಕನ ಎದುರು ಅವಳು ದನಿ ಎತ್ತಿದವಳಲ್ಲ. ಇವತ್ತು ಅವಳಿಗೆ ಬೇಕಾದದ್ದು ಒಂದೇ. ಉಮ್ಮ ಕಾಲು ಚಾಚಿಕೊಂಡು ಹೋಗಬೇಕು, ಅದೂ ಯಾರೂ ಮುರಿಯದೆ ಹೋಗಬೇಕು. ಬದುಕಿದ್ದಾಗ ಆ ಕಾಲಿಗಾಗಿ ಪಟ್ಟ ಪಾಡು ಅವಳಿಗೂ ಉಮ್ಮನಿಗೂ ಮಾತ್ರ ಗೊತ್ತು.

“ಹಂಡೆಯಿಂದ ಬಿಸಿನೀರು ತನ್ನಿ,” ಎಂದಳು. “ದಪ್ಪ ಟವೆಲೂ ತನ್ನಿ.”

*

ಹವ್ವಮ್ಮ ಬೀಡಿ ಕಟ್ಟಿ ಮನೆ ಎಬ್ಬಿಸಿದವರು. ಗಂಡ ಹೋದ ಮೇಲೆ ಚಕ್ಕಳಮಕ್ಕಳ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ ಸುರುಳಿ ಸುತ್ತಿಯೇ ರುಕಿಯಾಳನ್ನೂ ಶಾಹುಲ್ ಹಮೀದನನ್ನೂ ದಡ ಮುಟ್ಟಿಸಿದರು. ರುಕಿಯಾಳೂ ಮದುವೆಯಾಗುವವರೆಗೆ ಉಮ್ಮನ ಪಕ್ಕದಲ್ಲೇ ಕೂತು ಬೀಡಿ ಕಟ್ಟಿದವಳು. ಕೂತೂ ಕೂತೂ ಹವ್ವಮ್ಮನ ಮೊಣಕಾಲು ಸವೆಯಿತು. ಬೇಸಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮೊದಲ ಮಳೆ ಬಿದ್ದು ಹವೆ ತಣ್ಣಗಾದರೆ ಗಂಟುಗಳು ಬಿಗಿಯುತ್ತಿದ್ದವು. ಡಿಸೆಂಬರಿನ ಚಳಿಗಂತೂ ಕಾಲು ಮಡಚಲಿಕ್ಕೂ ಇಲ್ಲ, ಚಾಚಲಿಕ್ಕೂ ಇಲ್ಲ. ಆಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ನಮಾಜು.

ಆ ಕುರ್ಚಿಯನ್ನು ಕಂಡರೆ ಹವ್ವಮ್ಮನಿಗೆ ಆಗುತ್ತಿರಲಿಲ್ಲ. ಹಣೆ ನೆಲಕ್ಕೆ ಮುಟ್ಟದಿದ್ದರೆ ನಮಾಜು ಮಾಡಿದ ಹಾಗೇ ಆಗುವುದಿಲ್ಲ ಎಂದು ಗೊಣಗುತ್ತಿದ್ದರು. ದೇವರು ಕುರ್ಚಿಯನ್ನೂ ಒಪ್ಪುತ್ತಾನೆ ಎಂದು ಮಗ ಹೇಳಿದರೆ, “ಅವನು ಒಪ್ಪುತ್ತಾನೆ ಮಗಾ, ನಾನು ಒಪ್ಪಬೇಕಲ್ಲ?” ಎನ್ನುತ್ತಿದ್ದರು.

ಹಫ್ಸ ಅವರನ್ನು ಮೂಡುಬಿದಿರೆಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ದೀಪಶ್ರೀ ಎಂಬ ಹುಡುಗಿ ಸಮಾಧಾನದಿಂದ ಎಲ್ಲ ತಿಳಿಸಿದಳು. ಚಳಿಗೆ ಮುದುರಿ ಮಲಗುವ ಅನಿಸುತ್ತದೆ, ಹಾಗೆ ಮಲಗಿದಷ್ಟೂ ಗಂಟು ಬಿಗಿಯುತ್ತದೆ. ಏಳುವ ಮೊದಲೇ ಕಂಬಳಿಯೊಳಗೆ ಪಾದ ಆಡಿಸಬೇಕು. ಶಾಖ ಕೊಟ್ಟು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಕಾಲು ಮಡಚಬೇಕು, ಚಾಚಬೇಕು, ಚಾಚಿದ ಮೊಣಕಾಲನ್ನು ಹಾಸಿಗೆಗೆ ಒತ್ತಿ ಹಿಡಿಯಬೇಕು. ಸೆಕೆಗಾಲದಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ಯಾವ ಕಾಲದಲ್ಲೂ ಪೂರಾ ಬಿಡಬಾರದು.

“ಒಂದು ಮಾತ್ರ ನೆನಪಿಟ್ಟುಕೊಳ್ಳಿ,” ಎಂದಿದ್ದಳು ಕೊನೆಗೆ. “ಮೊಣಕಾಲಿನ ಅಡಿಗೆ ದಿಂಬು ಇಡಬೇಡಿ. ಸುಖ ಆಗ್ತದೆ, ಹೌದು. ಆದ್ರೆ ಕಾಲು ಮಡಚಿದಲ್ಲೇ ನಿಲ್ತದೆ.”

ಮೊದಮೊದಲು ಹವ್ವಮ್ಮ ಬೈದರು. ಸೊಸೆಯಲ್ಲ, ಜೀವ ತಿನ್ನಲಿಕ್ಕೆ ಬಂದವಳು ಎಂದರು. ಬೈಯಲಿಕ್ಕೆ ಶಕ್ತಿ ಉಂಟಾದರೆ ಕಾಲೆತ್ತಲಿಕ್ಕೂ ಉಂಟು ಎಂದು ಹಫ್ಸ ಬಿಡಲಿಲ್ಲ. ಕಳೆದ ಜನವರಿಯಲ್ಲಿ, ಅಂಗಳದ ತೆಂಗಿನ ಮರವೂ ಕಾಣದಷ್ಟು ಮಂಜು ಕವಿದ ಒಂದು ಬೆಳಗ್ಗೆ, ಸುಬಹಿ ನಮಾಜಿಗೆ ನಿಂತ ಹವ್ವಮ್ಮ ಕುರ್ಚಿಯನ್ನು ಆಚೆ ದೂಡಿದರು. ಮೆಲ್ಲಗೆ ಮೊಣಕಾಲೂರಿದರು. ಹಣೆ ಚಾಪೆಗೆ ಮುಟ್ಟಿತು. ನಮಾಜು ಮುಗಿಸಿ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ, “ನೋಡಿದೆಯಾ, ಕಳ್ಳಿ?” ಎಂದು ನಕ್ಕರು. ಆ ಕುರ್ಚಿಯಲ್ಲಿ ಆಮೇಲೆ ಹಫ್ಸ ಒಗೆದ ಬಟ್ಟೆ ಇಡತೊಡಗಿದಳು.

*

ಟಾರ್ಪಾಲಿನ ಹೊರಗೆ ಹಫ್ಸಳ ಗಂಡ ಶಾಹುಲ್ ಹಮೀದ್ ಕೆಮ್ಮಿದ. ಮಧ್ಯಾಹ್ನದ ನಮಾಜಿನೊಟ್ಟಿಗೆ ಮಯ್ಯಿತ್ ನಮಾಜು ಅಂತ ಮಸೀದಿಯಲ್ಲಿ ಹೇಳಿಯಾಗಿದೆ, ಜನ ಕಾಯ್ತಿದ್ದಾರೆ, ಸ್ವಲ್ಪ ಬೇಗ ಮಾಡಿ ಎಂದ.

“ಶುಕ್ರವಾರ ಹೋಗುವ ಅಂದವರಿಗೆ ಇವತ್ತು ಎಂಥ ಅವಸರ?” ಎಂದಳು ಹಫ್ಸ, ಟವೆಲು ಹಿಂಡುತ್ತ.

ಚಪ್ಪಲಿಯ ಸದ್ದು ಅಂಗಳದ ಕಡೆ ಸರಿಯಿತು. ಅವನಿಗೆ ಅರ್ಥವಾಗಿತ್ತು.

ಈ ಸಲ ಚಳಿ ಶುರುವಾದಾಗ ರುಕಿಯಾ ಬೆಳುವಾಯಿಗೆ ಬಂದಿದ್ದಳು. ಬೆಳ್ಳಂಬೆಳಗ್ಗೆ ಉಮ್ಮ ನರಳುವುದು, ಹಫ್ಸ ಅವರ ಕಾಲು ಮಡಚಿ ಚಾಚುವುದು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಈ ಚಳಿಗೆ ವಯಸ್ಸಾದವರನ್ನು ಹೀಗೆ ಎಳೆದಾಡುವುದಾ, ಸ್ವಂತ ಉಮ್ಮ ಆಗಿದ್ದರೆ ಮಾಡುತ್ತಿದ್ದಳಾ ಎಂದು ತಮ್ಮನನ್ನು ಕೇಳಿದಳು. ಮಾಣಿಯಲ್ಲಿ ಇಷ್ಟು ಚಳಿ ಇಲ್ಲ ಎಂದು ಕಾರು ಹತ್ತಿಸಿಯೇ ಬಿಟ್ಟಳು. ಅಕ್ಕನ ಮನಸ್ಸಿಗೆ ಯಾಕೆ ಬೇಸರ ಮಾಡುವುದು ಎಂದು ಶಾಹುಲ್ ಸುಮ್ಮನಾದ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರು ಯಾರಿದ್ದಾರೆ!

ಮಾಣಿಯಲ್ಲಿ ಹವ್ವಮ್ಮನಿಗೆ ಮೆತ್ತನೆಯ ಹಾಸಿಗೆ, ದುಬೈಯ ಕಂಬಳಿ, ಹೊತ್ತುಹೊತ್ತಿಗೆ ಕೋಳಿ ಸಾರು. ನೋಯುತ್ತದೆ ಎಂದರೆ ಮೊಣಕಾಲಿನ ಅಡಿಗೆ ದಿಂಬು. ಏಳುತ್ತೇನೆ ಎಂದರೆ ಬೇಡ ಉಮ್ಮ, ಮಲಗಿ. ಹೀಗೆ ಪ್ರೀತಿಯಿಂದ ಮಲಗಿಸಿ ಮಲಗಿಸಿ ಎದೆಯಲ್ಲಿ ಕಫ ಕಟ್ಟಿತು. ಹವ್ವಮ್ಮ ಫೋನು ಮಾಡಿದ್ದರು: “ಹಫ್ಸಾ, ಇಲ್ಲಿ ನನ್ನನ್ನು ಏಳಲಿಕ್ಕೆ ಬಿಡುವುದಿಲ್ಲ. ಬಂದು ಕರ್ಕೊಂಡು ಹೋಗು.” ಹಫ್ಸ ಗಂಡನಿಗೆ ಹೇಳಿದಳು. ಅಂಗಡಿಗೆ ಶುಕ್ರವಾರ ರಜೆ, ಶುಕ್ರವಾರ ಹೋಗುವ ಎಂದ ಅವನು. ಇವತ್ತು ಇನ್ನೂ ಬುಧವಾರ.

*

ಹಫ್ಸ ಬಿಸಿ ಟವೆಲನ್ನು ಮೊದಲು ತನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಿದಳು. ಆಮೇಲೆ ಉಮ್ಮನ ಮೊಣಕಾಲಿಗೆ ಸುತ್ತಿದಳು. ಇನ್ನು ಶಾಖ ನೋಡುವ ಅಗತ್ಯವೇನಿದೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಒಂದು ಕೈ ಹಿಮ್ಮಡಿಯಡಿಗೆ, ಇನ್ನೊಂದು ಮಂಡಿಯ ಮೇಲೆ. ಸ್ವಲ್ಪ ಮಡಚಿ, ಸ್ವಲ್ಪ ಬಿಡಿಸಿ, ಮತ್ತೆ ಸ್ವಲ್ಪ ಮಡಚಿ. ಜುಲೈಕಾ ತೆಪ್ಪಗೆ ಬಿಸಿನೀರು ಹೊಯ್ದು ಕೊಟ್ಟಳು. ಎಡಗಾಲು ಮೆಲ್ಲಮೆಲ್ಲಗೆ ಜಾರಿ ಹಲಗೆಗೆ ಒರಗಿತು.

“ಅಯ್ಯೋ, ಬಂತಲ್ಲ,” ಎಂದಳು ರುಕಿಯಾ.

“ಬರ್ತದೆ,” ಎಂದಳು ಹಫ್ಸ. “ಬದುಕಿದ್ದಾಗಲೂ ಬರ್ತಿತ್ತು.”

“ಉಮ್ಮ ಸುಖವಾಗಿರಲಿ ಅಂತಲೇ ನಾನು ಮಾಡಿದ್ದು, ಹಫ್ಸ.”

“ಹೌದು. ಸುಖ ಕೊಟ್ಟೇ ಕೊಂದಿರಿ.”

ನೀರು ಹೊಯ್ಯುತ್ತಿದ್ದ ಜುಲೈಕಾಳ ಕೈ ನಿಂತಿತು. ಮಯ್ಯಿತಿನ ಎದುರು ಇಂಥ ಮಾತು ಬೇಡ ಎಂದು ಮೆಲ್ಲಗೆ ಗದರಿದಳು. ಹಫ್ಸ ಬಲಗಾಲಿಗೆ ಬಂದಳು. ಅದು ಸ್ವಲ್ಪ ಇಳಿಯಿತು, ಮತ್ತೆ ಇಳಿಯಲಿಲ್ಲ. ಒತ್ತಿದರೆ ಇಳಿಯುತ್ತಿತ್ತೋ ಏನೋ. ಅವಳು ಒತ್ತಲಿಲ್ಲ. ಇಷ್ಟು ಇರಲಿ, ಕಂಡವರು ಕಾಣಲಿ ಎಂದಳು.

ಮಯ್ಯಿತ್ ಮಂಚ ಅಂಗಳ ದಾಟುವಾಗ ಹೊದೆಸಿದ ಹಸಿರು ಬಟ್ಟೆಯಡಿಯಲ್ಲಿ ಬಲ ಮೊಣಕಾಲು ಒಂದಿಷ್ಟು ಎದ್ದೇ ಇತ್ತು. ಗೇಟಿನ ಬಳಿ ನಿಂತಿದ್ದ ಪಕ್ಕದ ಮನೆಯ ಸರಸ, “ಏಳ್ಲಿಕ್ಕೆ ಹೊರಟ ಹಾಗೆ ಉಂಟಲ್ಲ,” ಎಂದು ಕಣ್ಣೊರೆಸಿಕೊಂಡಳು. ಮುಂದಿನ ಹೆಗಲು ಕೊಟ್ಟಿದ್ದ ಶಾಹುಲ್ ತಲೆ ತಗ್ಗಿಸಿ ನಡೆದ.

*

ಗಂಡಸರು ದಫನಿಗೆ ಹೋದ ಮೇಲೆ ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ಸಾವಾದ ದಿನ ಮನೆಯಲ್ಲಿ ಅಡುಗೆಯ ಒಲೆ ಹಚ್ಚಲಿಕ್ಕಿಲ್ಲ, ಸರಸ ಗಂಜಿ ತಂದಿಟ್ಟಳು. ಮಯ್ಯಿತ್ ಹೊರಟಾಗಿನಿಂದ ತಣ್ಣನೆಯ ನೆಲದಲ್ಲಿ ಕೂತಿದ್ದ ರುಕಿಯಾ ಏಳಲು ಹೋಗಿ, ಮೊಣಕಾಲು ಹಿಡಿದುಕೊಂಡು ಮತ್ತೆ ಕುಸಿದಳು. ಈ ಚಳಿಗಾಲದಿಂದ ತನಗೂ ಶುರುವಾಗಿದೆ ಎಂದಳು. ಪಾಪ ಎಂದು ನಾಲ್ಕು ಜನ ಅವಳನ್ನು ಹಿಡಿದು ಹಾಸಿಗೆಯಲ್ಲಿ ಮಲಗಿಸಿದರು. ಆಂಬುಲೆನ್ಸಿನಲ್ಲಿ ಬಂದ ಸಾಮಾನುಗಳ ಗಂಟಿನಿಂದ ಯಾರೋ ಒಂದು ದಿಂಬು ಎಳೆದು ಅವಳ ಮೊಣಕಾಲಿನ ಅಡಿಗೆ ಇಟ್ಟರು.

ನೀಲಿ ಹೂವಿನ ಕವರಿನ ದಿಂಬು. ನಡುವೆ ಇನ್ನೂ ತಗ್ಗಿತ್ತು.

ಗಂಜಿಯ ಬಟ್ಟಲು ಹಿಡಿದು ಬಂದ ಹಫ್ಸ ಅದನ್ನು ನೋಡಿದಳು. ಬಟ್ಟಲನ್ನು ಕೆಳಗಿಟ್ಟಳು. ಬಗ್ಗಿ ದಿಂಬನ್ನು ಒಂದೇ ಸಲಕ್ಕೆ ಎಳೆದಳು. ರುಕಿಯಾಳ ಹಿಮ್ಮಡಿಗಳು ಹಾಸಿಗೆಗೆ ಬಡಿದವು.

“ನೋವಾಗ್ತದೆ, ಹಫ್ಸ.”

“ಆಗಲಿ.”

ಹಫ್ಸ ಅಲ್ಲೇ ಮೊಣಕಾಲೂರಿ ಕೂತು ರುಕಿಯಾಳ ಮಂಡಿಯ ಮೇಲೆ ಅಂಗೈ ಇಟ್ಟಳು.

“ಒತ್ತಿ,” ಎಂದಳು. “ಹಾಸಿಗೆಗೆ ತಾಗುವ ಹಾಗೆ ಒತ್ತಿ.”

ರುಕಿಯಾ ಅಳುತ್ತಲೇ ಒತ್ತಿದಳು. ಹಫ್ಸಳ ಇನ್ನೊಂದು ಕೈ ದಿಂಬಿನ ಕತ್ತು ಹಿಸುಕುತ್ತಿತ್ತು.