ಡಾಕ್ಟರು ಹೇಳಿದ ಮಾತು

ತರಗತಿಯಲ್ಲಿ ಮೂರ್ಛೆ ಬಂದ ದಿನದಿಂದ ಸೀತಾ ಮಗಳು ಜಲಜಾಳನ್ನು ಶಾಲೆಗೆ ಕಳಿಸಿರಲಿಲ್ಲ. ಎಂಟು ವರ್ಷದ ಹುಡುಗಿ ಪಾಠದ ನಡುವೆ ಕುಸಿದು ಕೈಕಾಲು ಅದುರಿಸಿದ್ದನ್ನು ಕಂಡು ಮಕ್ಕಳೆಲ್ಲ ಕಿರುಚಿ ಹೊರಗೆ ಓಡಿದ್ದರಂತೆ. ಸೀತಾ ಹೋಗುವಷ್ಟರಲ್ಲಿ ಮಗು ಒದ್ದೆಯಾದ ಲಂಗದಲ್ಲಿ ನೆಲದ ಮೇಲೆ ಒಂಟಿಯಾಗಿ ಕೂತಿತ್ತು.

ಗೋವಿಂದರಾಜನಗರದ ಬಾಡಿಗೆ ಮನೆಯ ಅಡುಗೆಮನೆಯೇ ಶಾಲೆಯಾಯಿತು. ಸೀತಾ ಎಸ್ಸೆಸ್ಸೆಲ್ಸಿ ಪಾಸಾದವಳು. ಅಕ್ಕಿ ಆರಿಸುತ್ತ ಮಗ್ಗಿ ಹೇಳಿಸಿದಳು, ಸಾರು ಕುದಿಯುವಷ್ಟರಲ್ಲಿ ಉಕ್ತಲೇಖನ ಬರೆಸಿದಳು. ಮಗಳು ಚುರುಕಾಗಿ ಕಲಿತಳು. ಕಾರ್ಖಾನೆಯಿಂದ ಬಂದ ಗಂಡ ಜಗನ್ನಾಥ, "ಡಾಕ್ಟ್ರು ಹೇಳೋವರ್ಗೂ ಮನೇಲೇ ಓದ್ಲಿ ಬಿಡು" ಎಂದಿದ್ದ.

ಡಾಕ್ಟರು ಹೇಳಿಯಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ತೋರಿಸಲು ಹೋದಾಗ, "ಮಾತ್ರೆ ನಿಲ್ಲಿಸ್ಬೇಡಿ. ಧೈರ್ಯವಾಗಿ ಸ್ಕೂಲಿಗೆ ಕಳ್ಸಮ್ಮ" ಅಂದಿದ್ದರು. ಜಗನ್ನಾಥನಿಗೆ ಅವತ್ತು ರಜೆ ಸಿಕ್ಕಿರಲಿಲ್ಲ. ಸಂಜೆ ಅವನು ಕೇಳಿದಾಗ ಸೀತಾಳ ಬಾಯಿಂದ, "ಇನ್ನೂ ಸ್ವಲ್ಪ ದಿನ ಬೇಡ ಅಂದ್ರು" ಎಂಬ ಮಾತು ತಾನಾಗಿ ಬಂದುಬಿಟ್ಟಿತು.

ಅಂದಿನಿಂದ ಗಂಡನಿಗೆ ಬಡಿಸುವಾಗಲೂ ಮುಖವೆತ್ತಲು ಅಳುಕು. ಬರೀ ಹೆದರಿಕೆಯಾಗಿದ್ದರೆ ಮನಸ್ಸು ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಮಧ್ಯಾಹ್ನಗಳಲ್ಲಿ ಮಗಳ ಜೊತೆ ಪಾಠ ಓದುವುದು ಅವಳಿಗೇ ಹಿತವಾಗಿತ್ತು. ಮದುವೆಯಾದ ಮೇಲೆ, ಇವತ್ತೇನು ಅಡುಗೆ ಎಂಬುದರ ಹೊರತು ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ.

ಬೇಸಿಗೆಯಲ್ಲಿ ಜಗನ್ನಾಥನ ಅಕ್ಕ ಸತ್ಯವತಿ ಬಂದವರು, ಕಾಫಿ ಕುಡಿಯುತ್ತ, "ಏನೇ ಜಲಜಾ, ಜೂನ್‌ಗೆ ಸ್ಕೂಲಿಗೆ ಹೋಗ್ತೀಯೇನೇ?" ಎಂದರು.

ಜಲಜಾ ಅಮ್ಮನ ಮುಖ ನೋಡಿದಳು. "ಇಲ್ಲ ಅತ್ತೆ. ಡಾಕ್ಟ್ರು ಇನ್ನೂ ಸ್ವಲ್ಪ ದಿನ ಬೇಡ ಅಂದಿದಾರೆ."

ಡಾಕ್ಟರು ಮಾತಾಡಿದಾಗ ಮಗು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿತ್ತು. ಸೀತಾ ಮಗಳನ್ನು ಹಿತ್ತಿಲಿಗೆ ಕರೆದೊಯ್ದಳು.

"ಯಾಕೆ ಹಂಗಂದೆ ಕಂದ?"

"ನೀನು ಅಪ್ಪಂಗೆ ಹಂಗೇ ಹೇಳಿದ್ಯಲ್ಲಮ್ಮ."

"ನಿಂಗೆ ಸ್ಕೂಲಿಗೆ ಹೋಗ್ಬೇಕು ಅನ್ಸುತ್ತಾ?"

"ಅನ್ಸುತ್ತೆ. ಆದ್ರೆ ನೀನು ಹೆದರ್ಕೋತೀಯ."

ಅತ್ತಿಗೆ ಹೊರಟ ಮೇಲೆ ಸೀತಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಮನೇಲೇ ಓದಿಸೋಣ ಅಂದಿದ್ರೆ ನಾನೇನು ಬೇಡ ಅಂತಿದ್ನಾ ಸೀತಾ?" ಎಂದ. "ಮಗು ಕೈಲೂ ಸುಳ್ಳು ಹೇಳಿಸ್ದ್ಯಲ್ಲ."

ಜೂನ್‌ನಲ್ಲಿ ಸೀತಾ ತಾನೇ ಶಾಲೆಗೆ ಹೋಗಿ, ಮೂರ್ಛೆ ಬಂದರೆ ಮಗ್ಗುಲಿಗೆ ಮಲಗಿಸಿ, ಒಬ್ಬಳನ್ನೇ ಬಿಡಬೇಡಿ ಎಂದು ಮೇಡಂಗೆ ಬಿಡಿಸಿ ಹೇಳಿದಳು. ಜಲಜಾ ಅಮ್ಮನ ಕೈ ಬಿಡಿಸಿಕೊಂಡು ಒಳಗೆ ಓಡಿದಳು.

ಈಗ ಸಂಜೆ ಮಗಳು ಬಂದೊಡನೆ ಸೀತಾ, "ಇವತ್ತು ಏನಾದ್ರೂ ಆಯ್ತಾ?" ಎಂದು ಕೇಳುತ್ತಾಳೆ. ಜಲಜಾ ಚೀಲ ಇಳಿಸುತ್ತ, "ಏನೂ ಆಗ್ಲಿಲ್ಲಮ್ಮ" ಎನ್ನುತ್ತಾಳೆ. ನಿಜವೋ, ಅಮ್ಮ ಹೆದರಬಾರದೆಂದು ಹೇಳಿದ್ದೋ, ಎಷ್ಟು ಹೊತ್ತು ಆ ಮುಖ ನೋಡಿದರೂ ಸೀತಾಳಿಗೆ ತಿಳಿಯುವುದಿಲ್ಲ.